ಬೇಲೂರು-ಹಳೇಬೀಡುಗಳ ಮೊದಲ ಛಾಯಾಚಿತ್ರಗಳು

ಕ್ರಿ.ಶ. 1859ನೆಯ ಇಸವಿಯಲ್ಲಿ ಲಂಡನ್ ಪಟ್ಟಣದಲ್ಲಿ ಒಂದು ಪುಸ್ತಕವು ಪ್ರಕಟವಾಯಿತು. ಅದರ ಕರ್ತೃವು ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಆಂಗ್ಲ ಸೇನಾಧಿಕಾರಿ. ಪುಸ್ತಕದ ಹೆಸರು ‘ಹಳೇಬೀಡಿನ ಪಗೋಡ’ ಎಂದು. ಅದರಲ್ಲಿ ಬರಹಕ್ಕಿಂತ ಚಿತ್ರಗಳೇ ಪ್ರಧಾನವಾದುವು. 1856ರಲ್ಲಿ ಹಳೇಬೀಡಿನಲ್ಲಿ ತೆಗೆದ 56 ಛಾಯಾಚಿತ್ರಗಳನ್ನು ಅದರಲ್ಲಿ ಸೇರಿಸಲಾಗಿದ್ದಿತು. ದೋರಸಮುದ್ರದ ಶಿಲ್ಪವು ಏಳು ಸಮುದ್ರಗಳನ್ನು ದಾಟಿ ಪರದೇಶದ ಶ್ರೀಮಂತರ ಗ್ರಂಥಭಂಡಾರಗಳನ್ನು ಸೇರಿದ್ದು ಹೀಗೆ. ಆದರೆ ಆ ದೇವಾಲಯದ ನೆರಳಿನಲ್ಲಿಯೇ ಹುಟ್ಟಿ ಬೆಳೆದ ಹಳೇಬೀಡಿನ ರೈತನಿಗೆ, ಬಸದಿಯ ಶ್ರಾವಕನಿಗೆ, ಪುಷ್ಪಗಿರಿಯ ಮಲ್ಲಿಕಾರ್ಜುನನಿಗೆ ನಡೆದುಕೊಳ್ಳುತ್ತಿದ್ದ ಭಕ್ತನಿಗೆ ಆ ಪುಸ್ತಕವು ಎಟುಕುವಂತಹುದಾಗಿರಲಿಲ್ಲ.

ಹೆಸರಿನ ವಿಷಯದಲ್ಲಿಯೇ ಒಂದು ಮಾತನ್ನು ಹೇಳಬೇಕಾಗಿದೆ. ರಾಜಧಾನಿಯು ಹಾಳಾದ ಬಳಿಕ ಜನರು ಅದನ್ನು ಹಳೆಯ ಬೀಡು ಎಂದು ಕರೆದರು. ಆಂಗ್ಲರು ತಮ್ಮ ಕಿವಿಗೆ ಕೇಳಿದಂತೆ ಹಲ್ಲಿಬೀಡ್ ಎಂದೂ ಹುಲ್ಲಾಬೀಡ್ ಎಂದೂ ಬರೆದುಕೊಂಡರು. ‘ಪಗೋಡ’ವೆಂಬುದಂತೂ ಆ ಕಾಲದ ಪರಂಗಿಯವರ ಬಾಯಲ್ಲಿ ದೇವಾಲಯಕ್ಕೂ ಹೆಸರು, ವರಹವೆಂಬ ಚಿನ್ನದ ನಾಣ್ಯಕ್ಕೂ ಹೆಸರು. ದೇಗುಲಕ್ಕೂ ನಾಣ್ಯಕ್ಕೂ ಒಂದೇ ಶಬ್ದವನ್ನು ಸಾಕುಮಾಡಿಕೊಂಡವರ ಕೈಯಿಂದ ಹೊಯ್ಸಳ ದೇವಾಲಯಗಳ ಪ್ರಥಮ ಛಾಯಾಚಿತ್ರಗಳು ಹೊರಬಂದುವು.

ಹೊಯ್ಸಳ ಶಿಲ್ಪದ ಸೊಬಗನ್ನು ಕೊಂಡಾಡುವ ಲೇಖನಗಳಿಗೆ ಕೊರತೆಯಿಲ್ಲ. ಇಲ್ಲಿ ವಿಚಾರಿಸತಕ್ಕ ವಿಷಯವು ಬೇರೆ. ಬೇಲೂರು-ಹಳೇಬೀಡುಗಳ ಹಳೆಯ ಛಾಯಾಚಿತ್ರಗಳನ್ನು ನೋಡುವವರು ಅವುಗಳನ್ನು ಕಣ್ಣಾರೆ ಕಂಡ ಸಾಕ್ಷ್ಯವೆಂದೇ ನಂಬುವರು. ಚಿತ್ರಕಾರನ ಕುಂಚವು ತಪ್ಪಬಹುದು, ಸೂರ್ಯನ ಬೆಳಕು ತಪ್ಪುವುದುಂಟೇ ಎಂಬುದು ಅವರ ವಾದ. ಆದರೆ ಆ ಬೆಳಕನ್ನು ಹಿಡಿದ ಪೆಟ್ಟಿಗೆಯು ಯಾರದು, ಅದನ್ನು ಹೊತ್ತವರು ಯಾರು, ಯಾರ ಹಣದಿಂದ ಯಾರಿಗಾಗಿ ಆ ಚಿತ್ರಗಳು ಸಿದ್ಧವಾದುವು ಎಂದು ಕೇಳಿದಲ್ಲಿ ಸಾಕ್ಷ್ಯದ ಸ್ವರೂಪವೇ ಬೇರೆಯಾಗಿ ತೋರುವುದು.

ಫ್ರಾನ್ಸಿನ ದಾಗೇರನು ತನ್ನ ವಿಧಾನವನ್ನು ಲೋಕಕ್ಕೆ ಪ್ರಕಟಿಸಿದುದು 1839ರಲ್ಲಿ. ಇಂಗ್ಲೆಂಡಿನ ಟಾಲ್ಬಟ್ಟನು ಕಾಗದದ ಮೇಲೆ ಪ್ರತಿಬಿಂಬವನ್ನು ನಿಲ್ಲಿಸಿ, ಒಂದರಿಂದ ಹಲವು ಪ್ರತಿಗಳನ್ನು ತೆಗೆಯುವ ಕ್ರಮಕ್ಕೆ 1841ರಲ್ಲಿ ಹಕ್ಕುಪತ್ರ ಪಡೆದನು. ಕಾಗದಕ್ಕೆ ಮೇಣವನ್ನು ಹಿಡಿಸಿ, ಬೆಳ್ಳಿಯ ಲವಣಗಳಿಂದ ಸಂಸ್ಕರಿಸಿ, ಒಣಗಿದ ಮೇಲೆಯೇ ಉಪಯೋಗಿಸುವ ಕ್ರಮವೂ, ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹರಡಿ, ಹಸಿಯಾಗಿರುವಾಗಲೇ ಚಿತ್ರ ಹಿಡಿಯುವ ಕ್ರಮವೂ 1851ರಲ್ಲಿ ಬೆಳಕಿಗೆ ಬಂದುವು. ಮೇಣದ ಕಾಗದವನ್ನು ಮುಂಚಿತವಾಗಿ ಸಿದ್ಧಪಡಿಸಿ ಇಟ್ಟುಕೊಳ್ಳಬಹುದಾದುದರಿಂದ ಉಷ್ಣದೇಶದ ಪ್ರವಾಸಿಗಳಿಗೆ ಅದು ಅನುಕೂಲವಾಗಿದ್ದಿತು. ಗಾಜಿನ ಕ್ರಮದಲ್ಲಿ ಚಿತ್ರವು ಹೆಚ್ಚು ಸ್ಫುಟವಾಗಿ ಮೂಡುತ್ತಿದ್ದರೂ, ಹೋದೆಡೆಗೆಲ್ಲ ಕತ್ತಲೆಯ ಗುಡಾರ, ರಾಸಾಯನಿಕಗಳ ಸೀಸೆಗಳು, ತೊಳೆಯಲು ತಿಳಿನೀರು ಇವೆಲ್ಲವೂ ಜೊತೆಯಲ್ಲಿಯೇ ಇರಬೇಕಾಗುತ್ತಿದ್ದಿತು. ಯಾವ ಕ್ರಮವನ್ನು ಹಿಡಿದರೂ ವಿಲಾಯತಿಯಿಂದ ತರಿಸಬೇಕಾದ ಸಾಮಗ್ರಿ, ಬಹಳ ದಿನಗಳ ಬಿಡುವು, ಕೈತುಂಬ ಹಣ ಇವಿಲ್ಲದೆ ನಡೆಯುತ್ತಿರಲಿಲ್ಲ.

ಇವು ಮೂರೂ ಯಾರ ಬಳಿಯಲ್ಲಿದ್ದುವೋ ಅವರೇ ಮೊದಲಿಗೆ ಬಂದರು. ಮದರಾಸು ಸೈನ್ಯದ ಲಿನಿಯಸ್ ಟ್ರೈಪ್ ಎಂಬ ಅಧಿಕಾರಿಯು ವೈದ್ಯಾಧಿಕಾರಿಯಾಗಿದ್ದ ಡಾಕ್ಟರ್ ನೀಲ್ ಎಂಬುವನೊಡನೆ 1854ರ ಡಿಸೆಂಬರ್ ತಿಂಗಳಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ, ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಚಿತ್ರಗಳನ್ನು ತೆಗೆದನು. ಮರುವರ್ಷ ಮದರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಅವನ ಚಿತ್ರಗಳಿಗೆ ಪ್ರಥಮ ವರ್ಗದ ಪದಕವು ದೊರೆಯಿತು. ಅದೇ ಕಾಲಕ್ಕೆ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೇನಾಧಿಕಾರಿಯು ಹಂಪೆಯ ಹಾಳುಗಳನ್ನು ದೊಡ್ಡ ಮೇಣದ ಕಾಗದಗಳಲ್ಲಿ ಹಿಡಿಯುತ್ತಿದ್ದನು. ಮುಂಬಯಿಯ ಕಡೆಯಿಂದ ತೋಪುಖಾನೆಯ ಬಿಗ್ಸ್ ಎಂಬುವನೂ, ಅವನ ತರುವಾಯ ವೈದ್ಯ ಪಿಗೂ ಎಂಬುವನೂ ಸರ್ಕಾರದ ಛಾಯಾಗ್ರಾಹಕರಾಗಿ ನೇಮಕಗೊಂಡು ಬಿಜಾಪುರ, ಧಾರವಾಡ, ಮೈಸೂರು ಪ್ರಾಂತಗಳ ಕಟ್ಟಡಗಳನ್ನು ಚಿತ್ರಿಸಿದರು. ಈ ಪಟ್ಟಿಯಲ್ಲಿರುವವರೆಲ್ಲರೂ ದಂಡಿನವರು, ಇಲ್ಲವೆ ಕಂಪನಿ ಸರ್ಕಾರದ ಸಂಬಳ ತಿನ್ನುವ ವೈದ್ಯರು.

ಇದು ಕಾಕತಾಳೀಯವಲ್ಲ. ನಕಾಸೆ ಬರೆಯುವವರನ್ನಿಟ್ಟು ಪ್ರಾಚೀನ ಕಟ್ಟಡಗಳನ್ನು ಬರೆಯಿಸುವುದಕ್ಕಿಂತ ಛಾಯಾಗ್ರಹಣವೇ ಲೇಸೆಂದು ಕಂಪನಿಯ ನಿರ್ದೇಶಕ ಮಂಡಲಿಯು 1855ರಲ್ಲಿ ಮದರಾಸಿಗೆ ಸೂಚನೆ ಕಳುಹಿದ್ದಿತು. ಟ್ರೈಪನು 1856ರಲ್ಲಿ ಮದರಾಸು ಸರ್ಕಾರದ ಅಧಿಕೃತ ಛಾಯಾಗ್ರಾಹಕನಾದನು. ಆ ವೇಳೆಗೆ ಮೈಸೂರಿನ ದೊರೆತನವೂ ಅವರ ಕೈಯಲ್ಲಿಯೇ ಇದ್ದಿತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯಭಾರವನ್ನು ಕಸಿದುಕೊಂಡಿದ್ದ ಕಂಪನಿಯವರು ಕಮೀಷನರ ಮೂಲಕ ಸೀಮೆಯನ್ನು ಆಳುತ್ತಿದ್ದರು; ಮಾರ್ಕ್ ಕಬ್ಬನ್ನನು 1834ರಿಂದ 1861ರವರೆಗೆ ಆ ಪದವಿಯಲ್ಲಿದ್ದನು. ನಾಡನ್ನು ಅಳೆದು ನಕ್ಷೆ ಬರೆದುಕೊಂಡವರು, ಕಂದಾಯವನ್ನು ಗೊತ್ತುಮಾಡಿದವರು, ದೇವಾಲಯದ ಮುಂದೆ ಮುಕ್ಕಾಲಿಯನ್ನು ಊರಿದವರು ಒಂದೇ ವರ್ಗದವರು. ಅದಕ್ಕೂ ಒಂದು ಮಿತಿಯಿದ್ದಿತು. 1859ರಲ್ಲಿ ಮದರಾಸಿನ ಗವರ್ನರಾಗಿ ಬಂದ ಟ್ರೆವೆಲಿಯನ್ನನು ಇದು ಬೊಕ್ಕಸಕ್ಕೆ ತಾಳಲಾರದ ವಿಲಾಸವೆಂದು ಟ್ರೈಪನ ಕೆಲಸವನ್ನೇ ನಿಲ್ಲಿಸಿಬಿಟ್ಟನು. ಪ್ರಾಚೀನ ಕಲೆಯ ಮೇಲಿನ ಭಕ್ತಿಯು ಲೆಕ್ಕದ ಪುಸ್ತಕದ ಮುಂದೆ ಎಷ್ಟು ಕಾಲ ನಿಲ್ಲುವುದೆಂಬುದಕ್ಕೆ ಇದೊಂದು ನಿದರ್ಶನ.

ಈಗ ಅರಸೀಕೆರೆಯ ದಾರಿಯನ್ನು ನೆನೆಯೋಣ. ಬೆಂಗಳೂರಿನಿಂದ ಹರಿಹರದವರೆಗೆ ರೈಲುಹಾದಿಯು ಪೂರ್ತಿಯಾಗಿ ಅರಸೀಕೆರೆಗೆ ಉಗಿಬಂಡಿಯು ಬಂದುದು 1889ರ ಹೊತ್ತಿಗೆ. ಅಲ್ಲಿಂದ ಮುಂದೆ ಬೇಲೂರು-ಹಳೇಬೀಡುಗಳನ್ನು ನೋಡಬಯಸಿದವರು ಅರಸೀಕೆರೆಯಲ್ಲಿಯೋ ಬಾಣಾವರದಲ್ಲಿಯೋ ಇಳಿದು ಗಾಡಿ ಹಿಡಿಯುವುದು ರೂಢಿಯಾಯಿತು. ಟ್ರೈಪ್, ನೀಲ್, ಓಕ್ಲಿ ಇವರ ಕಾಲಕ್ಕೆ ಈ ಸೌಕರ್ಯವಿರಲಿಲ್ಲ. ಎತ್ತಿನ ಗಾಡಿ, ಕುದುರೆ, ಮೇನೆ, ಅವು ಹೋಗದ ಕಡೆ ಆಳಿನ ತಲೆ. ಹಳೇಬೀಡಿನಿಂದ ಬೇಲೂರಿಗೆ ಹತ್ತು ಮೈಲಿ. ಈ ಹತ್ತು ಮೈಲಿಯಲ್ಲಿ ಮರದ ದೊಡ್ಡ ಪೆಟ್ಟಿಗೆ, ಮುಕ್ಕಾಲಿ, ಸೀಸೆಗಳು, ತಟ್ಟೆಗಳು, ಗುಡಾರ ಇವೆಲ್ಲವೂ ಒಡೆಯದೆ ಮುಕ್ಕಾಗದೆ ಸಾಗಬೇಕು.

ದೊರೆಗಳ ಸವಾರಿ ಬರುವುದೆಂದರೆ ಅಂದಿನ ಹಳ್ಳಿಗೆ ಏನಾಗುತ್ತಿದ್ದಿತೆಂಬುದು ಹಿರಿಯರ ಮಾತಿನಿಂದ ತಿಳಿದವರಿಗೆ ಹೊಸದಲ್ಲ. ಅಮಲ್ದಾರನಿಂದ ಶೇಕದಾರನಿಗೆ, ಶೇಕದಾರನಿಂದ ಪಟೇಲ-ಶಾನುಭೋಗರಿಗೆ ಹುಕುಂ ಇಳಿಯುವುದು. ಪಟೇಲನು ತೋಟಿ ತಳವಾರರನ್ನು ಓಡಿಸುವನು. ಗಾಡಿ, ಹುಲ್ಲು, ಸೌದೆ, ಹಾಲು, ಕೋಳಿ ಇವುಗಳನ್ನು ಹೊಂದಿಸಿ ಕೊಡಬೇಕು. ಬೆಲೆಯು ಸಂದರೂ ಸಂದಿತು, ನಡುವಿನವರ ಕೈಯಲ್ಲಿ ಉಳಿದರೂ ಉಳಿಯಿತು. ಹೊರೆ ಹೊರುವವರನ್ನು ಬಿಟ್ಟಿಯಾಗಿ ಹಿಡಿದು ತರುವ ಪದ್ಧತಿಯು ಪಾಳೆಯಗಾರರ ಕಾಲದಿಂದ ನಡೆದುಬಂದುದೇ ಸರಿ. ಅದನ್ನು ಆಂಗ್ಲರು ಹುಟ್ಟಿಸಿದರೆಂದು ಹೇಳುವುದು ಅನ್ಯಾಯವಾದೀತು. ಹೊರುವ ಸರದಿಯು ಊರಿನಲ್ಲಿ ಯಾವ ಕೇರಿಯವರಿಗೆ ಬರುತ್ತಿದ್ದಿತು, ಯಾವ ಕೇರಿಯವರಿಗೆ ಎಂದೂ ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾದುದಿಲ್ಲ. ಉತ್ತರ ಹಿಂದೂಸ್ಥಾನದಲ್ಲಿ ಹೆಸರಾದ ಸ್ಯಾಮ್ಯುಯೆಲ್ ಬೋರ್ನ್ ಎಂಬ ಛಾಯಾಗ್ರಾಹಕನು 1863ರಲ್ಲಿ ಸಿಮ್ಲೆಯಿಂದ ಹಿಮಾಲಯದ ಒಳನಾಡಿಗೆ ಹೊರಟಾಗ ಅವನ ಸಾಮಾನುಗಳನ್ನು ಹೊರಲು ಮೂವತ್ತರಷ್ಟು ಕೂಲಿಗಳು ಬೇಕಾದರು. ಅವರು ನಡುದಾರಿಯಲ್ಲಿ ಹೊರೆಯನ್ನಿಳಿಸಿ ತಪ್ಪಿಸಿಕೊಂಡಾಗ ತಾನು ದೊಣ್ಣೆ ಹಿಡಿದು ಹುಡುಕಿ ಹೊಡೆದು ಕರೆತಂದುದನ್ನು ಅವನೇ ವಿಲಾಯತಿಯ ಪತ್ರಿಕೆಯಲ್ಲಿ ಸಂಕೋಚವಿಲ್ಲದೆ ಬರೆದುಕೊಂಡಿರುವನು. ಅವನು ತೆಗೆದ ಹಿಮಗಿರಿಯ ಚಿತ್ರಗಳಾದರೋ ಅತ್ಯಂತ ಪ್ರಶಾಂತವಾದುವು.

ಪ್ರಶಾಂತತೆಯೆಂಬ ಈ ಗುಣವನ್ನೇ ಸ್ವಲ್ಪ ವಿವೇಚಿಸಬೇಕು. ಹಳೇಬೀಡಿನ ಹಳೆಯ ಚಿತ್ರಗಳಲ್ಲಿ ನಿರ್ಜನವಾದ ದೇವಾಲಯ, ಸುತ್ತಲೂ ಗಿಡಗಂಟಿ, ಮೇಲೆ ಮೋಡವಿಲ್ಲದ ಬಿಳಿಯ ಆಕಾಶ ಇಷ್ಟೇ ಕಾಣುವುದು. ನೋಡಿದವರಿಗೆ ಇದು ಜನರು ಬಿಟ್ಟುಹೋದ ನಾಡು, ಕೇಳುವವರಿಲ್ಲದ ಆಸ್ತಿ ಎಂಬ ಭಾವನೆ ಬರುವುದು ಸಹಜ. ಆಕಾಶವು ಬಿಳಿಯಾಗಿರುವುದು ಆ ಕಾಲದ ರಾಸಾಯನಿಕದ ದೋಷದಿಂದ. ಅದು ನೀಲಿಯ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಬಾನು-ಮೋಡಗಳ ಭೇದವು ಉಳಿಯುತ್ತಿರಲಿಲ್ಲ. ಟ್ರೈಪನು ಕೆಲವು ಚಿತ್ರಗಳಲ್ಲಿ ಮೋಡಗಳನ್ನು ಕೈಯಿಂದಲೇ ತಿದ್ದಿ ಸೇರಿಸಿದುದುಂಟು. ಸೂರ್ಯನು ಸುಳ್ಳು ಹೇಳನೆಂದವರು ಇದನ್ನು ಗಮನಿಸಬೇಕು. ಜನರು ಕಾಣದಿರುವುದಕ್ಕೂ ಅಂತಹುದೇ ಒಂದು ಕಾರಣವುಂಟು. ಕಾಗದದ ಮೇಲೆ ಬಿಂಬವು ನಿಲ್ಲಲು ಎಷ್ಟೋ ನಿಮಿಷಗಳು ಹಿಡಿಯುತ್ತಿದ್ದುವು. ಅಷ್ಟು ಹೊತ್ತು ಕದಲದೆ ಇದ್ದುದು ಮಾತ್ರ ಮೂಡುವುದು. ನಡೆದುಹೋದವನು, ದನ ಅಟ್ಟಿಕೊಂಡು ಹೋದ ಹುಡುಗ, ನೀರು ಹೊತ್ತು ಬಂದ ಹೆಂಗಸು ಇವರು ಮಂಜಿನಂತೆ ಮಾಸಿಹೋಗುವರು, ಅಥವಾ ಇದ್ದರೆಂಬ ಗುರುತೂ ಇಲ್ಲದೆ ಅಳಿದುಹೋಗುವರು. ಶರಣಮಾರ್ಗದಲ್ಲಿ ನಡೆಯುವವರಿಗೆ ಸ್ಥಾವರ-ಜಂಗಮಗಳ ಭೇದವನ್ನು ಹೊಸದಾಗಿ ತಿಳಿಸಬೇಕಾಗಿಲ್ಲ. ಆ ಯಂತ್ರವು ಸ್ಥಾವರವನ್ನು ಮಾತ್ರ ಬಲ್ಲುದು. ಜಂಗಮವು ಅದರ ಕಣ್ಣಿಗೆ ಬೀಳಲಿಲ್ಲ.

ಯಂತ್ರದ ಮೇಲೆಯೇ ಎಲ್ಲ ತಪ್ಪನ್ನೂ ಹೊರಿಸಿ ಯಜಮಾನನನ್ನು ಬಿಟ್ಟುಬಿಡಲಾಗದು. ಬೇಕೆಂದರೆ ಜನರನ್ನು ನಿಲ್ಲಿಸಿ ತೆಗೆಯಬಹುದಾಗಿದ್ದಿತು. ದಂಡಿನ ಅಧಿಕಾರಿಗಳು ತಮ್ಮ ಬಂಗಲೆಗಳ ಮುಂದೆ ಹೆಂಡಿರು ಮಕ್ಕಳು ನಾಯಿಗಳ ಸಮೇತ ನಿಂತು ತೆಗೆಸಿಕೊಂಡುದೇ ಇದಕ್ಕೆ ಪ್ರಮಾಣ. ಬೇಲೂರು ಪಾಳು ಊರಲ್ಲ. ಚೆನ್ನಕೇಶವನ ಪೂಜೆ ಉತ್ಸವಗಳು ಆಗಲೂ ನಡೆಯುತ್ತಿದ್ದುವು. ಚೈತ್ರದ ರಥೋತ್ಸವಕ್ಕೆ ನಾಡೆಲ್ಲ ನೆರೆಯುತ್ತಿದ್ದಿತು. ಆ ದೇವರಿಗೆ ಪಾದರಕ್ಷೆಗಳನ್ನು ಮಾಡಿ ಅರ್ಪಿಸುವ ಬಾಧ್ಯತೆಯು ಚರ್ಮದ ಕಾಯಕದವರಿಗೆ ಸೇರಿದುದೆಂಬುದು ಪ್ರಸಿದ್ಧವಾಗಿಯೇ ಇದೆ. ಇಂತಹ ಊರಿಗೆ ಬಂದ ದೊರೆಗಳು ಬಯಸಿದುದು ಕಲ್ಲನ್ನು. ಕಲ್ಲಿಗೆ ಒಡೆಯನಿಲ್ಲವೆಂದು ತೋರಿದಷ್ಟೂ ಅದನ್ನು ರಕ್ಷಿಸುವ ಭಾರವು ತಮ್ಮದೆಂದು ಹೇಳಿಕೊಳ್ಳಲು ಅವರಿಗೆ ಸುಲಭವಾಗುತ್ತಿದ್ದಿತು.

ಆದರೂ ಕೆಲವು ಚಿತ್ರಗಳಲ್ಲಿ ಒಬ್ಬಿಬ್ಬರು ಮನುಷ್ಯರು ಕಾಣಸಿಗುವರು. ಕಂಬದ ಪಕ್ಕದಲ್ಲಿಯೋ ಜಗತಿಯ ಮೇಲೆಯೋ ಒಬ್ಬನು ತಲೆಗೆ ವಸ್ತ್ರ ಸುತ್ತಿಕೊಂಡು ನಿಂತಿರುವನು, ಇಲ್ಲವೆ ಕುಳಿತಿರುವನು. ಅವನು ಅಲ್ಲಿರುವುದು ತನ್ನ ಸಲುವಾಗಿ ಅಲ್ಲ. ಕಂಬವು ಎಷ್ಟು ಎತ್ತರವೆಂಬುದನ್ನು ಲಂಡನ್ನಿನವರು ಊಹಿಸಲು ಅವನನ್ನು ಅಳತೆಗೋಲಾಗಿ ನಿಲ್ಲಿಸಲಾಗಿದೆ. ಉಸಿರು ಬಿಗಿಹಿಡಿದು ನಿಮಿಷಗಟ್ಟಲೆ ಕದಲದೆ ನಿಂತ ಆ ಮನುಷ್ಯನ ಊರು ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಅವನು ಒರಗಿ ನಿಂತ ಗೋಡೆಯಾದರೋ ಹೆಸರುಗಳಿಂದ ತುಂಬಿದೆ. ಏಳು ಶತಮಾನಗಳ ಹಿಂದೆಯೇ ಹೊಯ್ಸಳ ರೂವಾರಿಗಳು ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರನ್ನು ಕೊರೆದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಇವೆ. ಹಳೇಬೀಡಿನ ಮಹಾದೇವಾಲಯದ ಸಂಬಂಧದಲ್ಲಿ ಕೇದಾರೋಜನ ಹೆಸರು ಉಳಿದಿದೆ. ರಾಜನಿಗೂ ದಂಡನಾಯಕನಿಗೂ ಮೀಸಲಾಗಿದ್ದ ಕಲ್ಲಿನಲ್ಲಿ ಉಳಿಯ ಕಾಯಕದವರೂ ತಮ್ಮ ಗುರುತನ್ನು ಬಿಟ್ಟರು. ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರಾದ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ ಇವರು ತಮ್ಮ ದುಡಿಮೆಯನ್ನು ಹೆಸರಿನ ಮೊದಲಿಗೇ ಇಟ್ಟುಕೊಂಡು ಮೆರೆದರೆಂಬುದನ್ನು ಇದರೊಡನೆ ನೆನೆಯತಕ್ಕದ್ದು. ಹತ್ತೊಂಬತ್ತನೆಯ ಶತಮಾನದ ಚಿತ್ರಸಂಪುಟದಲ್ಲಿ ಪೆಟ್ಟಿಗೆಯ ಒಡೆಯನ ಹೆಸರು ಸ್ಫುಟವಾಗಿ ಅಚ್ಚಾಗಿದೆ. ಪೆಟ್ಟಿಗೆ ಹೊತ್ತವನದು, ನೀರು ತಂದವನದು, ಗುಡಾರ ಹೂಡಿದವನದು ಇಲ್ಲ.

ಪಿಗೂ, ನೀಲ್, ಬಿಗ್ಸ್ ಈ ಮೂವರು ತೆಗೆದ ಚಿತ್ರಗಳನ್ನೆಲ್ಲ ಸೇರಿಸಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವೆಂಬ ದೊಡ್ಡ ಗ್ರಂಥವೊಂದು 1866ರಲ್ಲಿ ಲಂಡನ್ನಿನ ಜಾನ್ ಮರ್‍ರೆಯ ಮುದ್ರಣದಲ್ಲಿ ಹೊರಬಂದಿತು. ಸುರಪುರದ ಸಂಸ್ಥಾನವನ್ನು ಕೆಲಕಾಲ ನೋಡಿಕೊಂಡಿದ್ದ ಮೆಡೋಸ್ ಟೇಲರನು ಅದಕ್ಕೆ ಚರಿತ್ರೆಯ ಭಾಗವನ್ನೂ, ಜೇಮ್ಸ್ ಫರ್ಗುಸನ್ನನು ವಾಸ್ತುವಿನ ಟಿಪ್ಪಣಿಗಳನ್ನೂ ಬರೆದರು. ಪಶ್ಚಿಮ ಹಿಂದೂಸ್ಥಾನದ ಪ್ರಾಚೀನ ಕಟ್ಟಡಗಳ ಸಮಿತಿಯೊಂದು ಈ ಮಾಲೆಯನ್ನು ಹೊರಡಿಸಿತು. ಇದಕ್ಕೆ ಹಣವು ಬಂದ ದಾರಿಯು ಸ್ವಾರಸ್ಯವಾಗಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂದು ಮುಂಬಯಿಯ ವರ್ತಕರು ಕುಬೇರರಾದರು. ಅವರಲ್ಲಿ ಅಗ್ರಗಣ್ಯನಾದ ಪ್ರೇಮಚಂದ ರಾಯಚಂದನೇ ಮೊದಲಾದವರು ಈ ಸಮಿತಿಯ ಮಾಲೆಗೆ ಧನಸಹಾಯ ಮಾಡಿದರು. ಧಾರವಾಡದ ಎರೆಯ ಹೊಲಗಳ ಹತ್ತಿಯೂ ಆ ಕಾಲದ ಪೇಟೆಯಲ್ಲಿ ಹೆಸರುವಾಸಿಯಾಗಿದ್ದಿತು. ಹೊಲದಲ್ಲಿ ಬೆನ್ನು ಬಗ್ಗಿಸಿ ಹತ್ತಿ ಬಿಡಿಸಿದವರ ದುಡಿಮೆಯು ಮುಂಬಯಿಯ ಪೇಟೆಯನ್ನು ಹಾದು ಲಂಡನ್ನಿನ ಚಿತ್ರಪುಸ್ತಕವಾಯಿತೆಂದರೆ ಪೂರ್ತಿ ಉತ್ಪ್ರೇಕ್ಷೆಯಾಗದು.

ಫರ್ಗುಸನ್ನನ ವಿಷಯದಲ್ಲಿ ಎರಡು ಬಗೆಯಾಗಿ ಹೇಳಬೇಕಾಗಿದೆ. ಅವನು ಯೌವನದಲ್ಲಿ ವಂಗದೇಶದಲ್ಲಿ ನೀಲಿಯ ವ್ಯಾಪಾರದಿಂದ ಹಣ ಗಳಿಸಿ, ಆ ಹಣದ ಬಲದಿಂದ ವಿದ್ಯಾವ್ಯಾಸಂಗಕ್ಕೆ ತೊಡಗಿದವನು. ಮೂರು ಸಾವಿರಕ್ಕೂ ಮೇಲ್ಪಟ್ಟ ಛಾಯಾಚಿತ್ರಗಳನ್ನು ಮನೆಯಲ್ಲಿಟ್ಟುಕೊಂಡು, ಅವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿರಿಸಿ ಹೋಲಿಸಿ, 1876ರಲ್ಲಿ ಹಿಂದೂಸ್ಥಾನದ ವಾಸ್ತುಶಿಲ್ಪದ ಚರಿತ್ರೆಯನ್ನು ಬರೆದನು. ಹಳೇಬೀಡಿನ ದೇವಾಲಯವನ್ನು ಗ್ರೀಸ್ ದೇಶದ ಪಾರ್ಥೆನಾನಿನೊಡನೆ ಎದುರುಬದುರಾಗಿ ನಿಲ್ಲಿಸಿ, ಇವೆರಡೂ ವಾಸ್ತುಕಲೆಯ ಎರಡು ಕಡೆಯ ತುದಿಗಳೆಂದು ಹೇಳಿದನು. ಅಂದಿನ ಆಂಗ್ಲರಲ್ಲಿ ಹಿಂದೂ ಶಿಲ್ಪವನ್ನು ಇಷ್ಟು ಗೌರವದಿಂದ ಕಂಡವರು ವಿರಳ. ಅದಕ್ಕಾಗಿ ಅವನು ಸ್ತುತ್ಯನು. ಆದರೆ ಕಲ್ಲನ್ನು ಮುಟ್ಟದೆ, ಪೂಜೆಯನ್ನು ನೋಡದೆ, ಶಾಸನವನ್ನು ಓದಬಲ್ಲವರ ಮಾತನ್ನು ಕೇಳದೆ, ಮೇಜಿನ ಮೇಲಿನ ಪಟವನ್ನು ನೋಡಿ ತೀರ್ಪು ಕೊಡುವ ಪದ್ಧತಿಯು ಅಲ್ಲಿಂದ ಬಲವಾಯಿತು. ಊರಿನಲ್ಲಿರುವ ಪಂಡಿತನಿಗಿಂತ ಪಟವನ್ನು ಹೊಂದಿದ ಧನಿಕನೇ ಪ್ರಮಾಣವಾದನು. ಇದಕ್ಕೆ ಹಿಂದೆ, ಮೆಕೆಂಜಿಯು ಮೈಸೂರು ಸೀಮೆಯನ್ನು ಅಳೆದಾಗಲಾದರೂ ಕಾವಲಿ ವೆಂಕಟ ಬೋರಯ್ಯನಂತಹ ದೇಶೀಯ ವಿದ್ವಾಂಸರನ್ನು ಜೊತೆಯಲ್ಲಿಟ್ಟುಕೊಂಡು, ಊರೂರಿನ ಹಿರಿಯರಿಂದ ಕೈಫಿಯತ್ತುಗಳನ್ನು ಬರೆಯಿಸಿಕೊಂಡಿದ್ದನು. ಛಾಯಾಚಿತ್ರಕ್ಕೆ ಹಿರಿಯರ ಮಾತು ಬೇಕಾಗಲಿಲ್ಲ.

ಹೀಗೆಂದು ಆ ಚಿತ್ರಗಳನ್ನು ಹೀಗಳೆದು ಬಿಡುವುದು ಕೃತಘ್ನತೆಯಾದೀತು. ಹಳೇಬೀಡಿನ ಕೇದಾರೇಶ್ವರ ದೇವಾಲಯವನ್ನು ಇಮ್ಮಡಿ ಬಲ್ಲಾಳನೂ ಅವನ ರಾಣಿ ಕೇತಲದೇವಿಯೂ 1219ರಲ್ಲಿ ಕಟ್ಟಿಸಿದರು. ಶಿಖರದ ಕಲ್ಲುಗಳ ಸಂದಿಯಲ್ಲಿ ಮರವು ಬೇರೂರಿ ಬೆಳೆದು, ವರ್ಷ ವರ್ಷವೂ ಕಲ್ಲುಗಳನ್ನು ಸೀಳಿ, ಕೊನೆಗೆ ಶಿಖರವು ಉರುಳಿತು. ಇಂದು ಅಲ್ಲಿಗೆ ಹೋದವರು ಶಿಖರವಿಲ್ಲದ ಗರ್ಭಗೃಹಗಳನ್ನು ಕಾಣುವರು. ಆ ಶಿಖರದ ಆಕಾರವು ಹೇಗಿದ್ದಿತೆಂದು ಕೇಳಿದರೆ ತೋರಿಸಲು ಉಳಿದಿರುವುದು 1850ರ ದಶಕದ ಆ ಛಾಯಾಚಿತ್ರಗಳೇ. ಅವುಗಳಲ್ಲಿ ಶಿಖರವಿನ್ನೂ ನಿಂತಿದೆ, ಗಿಡವೂ ಅದರ ತಲೆಯನ್ನೇರಿ ಕುಳಿತಿದೆ. ಮೋಜಿಗಾಗಿ ತೆಗೆದುದೋ ಅಧಿಕಾರಕ್ಕಾಗಿ ತೆಗೆದುದೋ, ಕಳೆದುಹೋದುದನ್ನು ಅದು ಕಾಯ್ದುಕೊಟ್ಟಿದೆ. ಗಿಡವನ್ನು ಕಂಡು ಚಿತ್ರ ತೆಗೆದವರು ಅದನ್ನು ಕೀಳಿಸುವ ಏರ್ಪಾಡನ್ನೂ ಮಾಡಿದ್ದರೆ ಎಂದು ಮಾತ್ರ ಅನಿಸದಿರದು.

ಅರಸೀಕೆರೆಗೆ ಓಕ್ಲಿಯ ಪುಸ್ತಕದಲ್ಲಿ ಸ್ಥಾನವಿಲ್ಲ. ಅಲ್ಲಿಯ ಶಿವಾಲಯವು 1220ರದು. ಹದಿನಾರು ಮೂಲೆಗಳ ನಕ್ಷತ್ರಾಕಾರದ ಮುಖಮಂಟಪವು ಹೊಯ್ಸಳ ಕಟ್ಟಡಗಳಲ್ಲಿಯೇ ಅಪೂರ್ವವಾದುದು. ಅದೇ ವರ್ಷದ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ ರೇಚರಸನು ಮೊದಲು ಕಳಚುರಿಗಳ ದಂಡನಾಯಕನಾಗಿದ್ದು, ಆ ಅರಸುತನವು ಅಳಿದ ಮೇಲೆ ಹೊಯ್ಸಳ ಬಲ್ಲಾಳನ ಆಶ್ರಯಕ್ಕೆ ಬಂದವನು. ಶಿವಶರಣರ ಚರಿತ್ರೆಯನ್ನು ಓದುವವರಿಗೆ ಕಳಚುರಿಗಳ ಆಸ್ಥಾನವೆಂದರೆ ಏನೆಂಬುದು ಗೊತ್ತು. ಅಂತಹ ಊರು ಚಿತ್ರಗಳ ಲೋಕದಲ್ಲಿ ಹಳೇಬೀಡಿನಷ್ಟು ಮೆರೆಯಲಿಲ್ಲ. ದೊಡ್ಡದು, ಪಾಳುಬಿದ್ದುದು, ಒಂಟಿಯಾಗಿ ನಿಂತುದು ಇವೇ ದೊರೆಗಳ ಕಣ್ಣಿಗೆ ಹಬ್ಬ. ಪಟ್ಟಣದ ನಡುವೆ ನಿತ್ಯ ದೀಪ ಉರಿಯುವ ಗುಡಿಯಲ್ಲಿ ಅವರಿಗೆ ಅಷ್ಟು ರಸವು ಕಾಣಲಿಲ್ಲ. ಮುಂದೆ ಅರಸೀಕೆರೆಯು ರೈಲಿನ ಊರೆಂದು ಪ್ರಸಿದ್ಧವಾಯಿತೇ ಹೊರತು ಶಿವಾಲಯದ ಊರೆಂದಲ್ಲ.

ದೇಶೀಯರ ಕೈಗೆ ಈ ವಿದ್ಯೆಯು ಬರಲಿಲ್ಲವೇ ಎಂದು ಕೇಳಬಹುದು. ಬಂದಿತು, ಬಹಳ ಬೇಗನೆಯೇ ಬಂದಿತು. ಮದರಾಸಿನ ಕೈಗಾರಿಕಾ ಕಲಾಶಾಲೆಯಲ್ಲಿ ಕಲಿತ ಅಯ್ಯಸ್ವಾಮಿ ಎಂಬುವನು ಟ್ರೈಪನ ಸಹಾಯಕನಾಗಿದ್ದನು. ಮುಂಬಯಿಯಲ್ಲಿ ನಾರಾಯಣ ದಾಜಿ ಎಂಬ ವೈದ್ಯರು ಹೆಸರು ಪಡೆದರು. ಜಯಪುರದ ಮಹಾರಾಜ ರಾಮಸಿಂಹನು ತಾನೇ ಚಿತ್ರ ತೆಗೆಯುತ್ತಿದ್ದನು. ಕಲ್ಕತ್ತೆಯಲ್ಲಿ ನಡೆದುದಂತೂ ವಿಶೇಷವಾಗಿ ಹೇಳತಕ್ಕದ್ದು. ಅಲ್ಲಿ 1856ರಲ್ಲಿ ಸ್ಥಾಪಿತವಾದ ವಂಗದೇಶದ ಛಾಯಾಗ್ರಹಣ ಸಂಘದಲ್ಲಿ ಪುರಾತತ್ತ್ವಜ್ಞರಾದ ರಾಜೇಂದ್ರಲಾಲ ಮಿತ್ರರು ಕಾರ್ಯಕರ್ತರಾಗಿದ್ದರು. 1857ರಲ್ಲಿ ಅವರು ಸಭೆಯೊಂದರಲ್ಲಿ ನೀಲಿ ಬೆಳೆಸುವ ಬಿಳಿಯರ ದಬ್ಬಾಳಿಕೆಯನ್ನು ಖಂಡಿಸಿ ಮಾತನಾಡಿದರು. ಸಂಘದ ಬಿಳಿಯ ಸದಸ್ಯರು ಕೆರಳಿ ಅವರನ್ನು ಸಂಘದಿಂದಲೇ ಹೊರಹಾಕಿದರು. ಬೆಳಕು-ನೆರಳುಗಳ ವಿದ್ಯೆಗೂ ನೀಲಿಯ ತೋಟಗಳಿಗೂ ಏನು ಸಂಬಂಧವೆಂದು ಶುದ್ಧ ಕಲೋಪಾಸಕರು ಕೇಳಿಯಾರು. ಸಂಬಂಧವುಂಟೆಂದು ಸಂಘದವರೇ ತೋರಿಸಿಕೊಟ್ಟರು.

ಮೈಸೂರಿನಲ್ಲಿ 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದ ಮೇಲೆ 1885ರಲ್ಲಿ ಸಂಸ್ಥಾನದ ಪುರಾತತ್ತ್ವ ಕಾರ್ಯವು ಪ್ರಾರಂಭವಾಯಿತು. ರೈಸ್ ಸಾಹೇಬರು ಸಂಪಾದಿಸಿದ ಹಾಸನ ಜಿಲ್ಲೆಯ ಶಾಸನಗಳ ಸಂಪುಟವು 1902ರಲ್ಲಿ ಪ್ರಕಟವಾಯಿತು. ಆರ್. ನರಸಿಂಹಾಚಾರ್ಯರು 1906ರಿಂದ 1922ರವರೆಗೆ ಇಲಾಖೆಯನ್ನು ನಡೆಸಿ, 1919ರಲ್ಲಿ ಬೇಲೂರಿನ ಕೇಶವ ದೇವಾಲಯವನ್ನು ಕುರಿತು ಚಿತ್ರಸಹಿತವಾದ ಗ್ರಂಥವನ್ನು ಹೊರತಂದರು. ಕನ್ನಡ ಬಲ್ಲವರು, ಶಾಸನ ಓದಬಲ್ಲವರು ಪಟದ ಕೆಳಗೆ ಬರೆಯತೊಡಗಿದಾಗ ರೂವಾರಿಗಳ ಹೆಸರುಗಳು ಮತ್ತೆ ಮುಂದಕ್ಕೆ ಬಂದುವು.

ರೈಸ್ ಸಾಹೇಬರ ಆ ಸಂಪುಟದಲ್ಲಿರುವ ಒಂದು ಶಾಸನವನ್ನು ಇಲ್ಲಿ ಮರೆಯುವಂತಿಲ್ಲ. ಅಧಿಕಾರದ ಗುರುತನ್ನು ಕಲ್ಲಿನ ಮೇಲೆ ಒತ್ತುವ ಕೆಲಸವನ್ನು ಪರಂಗಿಯವರು ಮಾತ್ರ ಮಾಡಿದರೆಂದು ತಿಳಿದರೆ ಅದು ಏಕಪಕ್ಷೀಯವಾಗುವುದು. ಹಳೇಬೀಡಿನ ವಿಜಯ ಪಾರ್ಶ್ವನಾಥ ಬಸದಿಯು ವಿಷ್ಣುವರ್ಧನನ ಕಾಲದ್ದು. ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದುದು. ಅದರ ಕರಿಯ ಕಂಬಗಳು ಮುಖ ಕಾಣುವಷ್ಟು ನುಣುಪಾಗಿವೆ. ಕ್ರಿ.ಶ. 1638ರಲ್ಲಿ ಬೇಲೂರನ್ನು ವೆಂಕಟಾದ್ರಿ ನಾಯಕನು ಆಳುತ್ತಿದ್ದಾಗ, ಹುಚ್ಚಪ್ಪದೇವರೆಂಬ ವೀರಶೈವರೊಬ್ಬರು ಆ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಊರು ಎರಡಾಗುವ ಹೊತ್ತಿನಲ್ಲಿ ಜೈನರ ಹಿರಿಯರೂ ವೀರಶೈವರ ಮಹಾಮಹತ್ತಿನವರೂ ಕೂಡಿ ತೀರ್ಮಾನ ಮಾಡಿದರು. ಜೈನರು ಮೊದಲು ವಿಭೂತಿ-ವೀಳ್ಯಗಳನ್ನು ಕೊಡಿಸಿ, ಆಮೇಲೆ ತಮ್ಮ ಪೂಜೆ ಅಲಂಕಾರ ದೀಪಾದಿಗಳನ್ನು ಹಿಂದಿನಂತೆ ನಡೆಸಿಕೊಂಡು ಹೋಗತಕ್ಕದ್ದು. ಈ ಜೈನಧರ್ಮಕ್ಕೆ ಅಡ್ಡಬರುವ ವೀರಶೈವನು ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವನಿಗೂ ಜಂಗಮಕ್ಕೂ ದ್ರೋಹಿಯೆಂದು ವೀರಶೈವರೇ ಬರೆದುಕೊಟ್ಟರು. ಮೊದಲು ವಿಭೂತಿಯೆಂಬ ನಿಬಂಧನೆಯಲ್ಲಿ ಅಂದಿನ ಬಲವು ಯಾರ ಕಡೆಗಿದ್ದಿತೆಂಬುದು ಸ್ಪಷ್ಟವಾಗಿದೆ, ಅದನ್ನು ಮುಚ್ಚಬೇಕಾಗಿಲ್ಲ. ಆದರೂ ಗುರುತು ಒತ್ತಿದವರ ಹೆಸರು, ಅಳಿಸಿದವನ ಹೆಸರು, ಇಬ್ಬರಿಗೂ ಸೇರಿದ ಹಿರಿಯರ ಒಪ್ಪಂದ ಎಲ್ಲವೂ ಊರಿನ ಭಾಷೆಯಲ್ಲಿ, ಊರಿನ ಕಲ್ಲಿನಲ್ಲಿ, ಊರಿನವರು ಓದಿಕೊಳ್ಳುವಂತೆ ನಿಂತಿವೆ. ಎರಡು ಶತಮಾನಗಳ ಅನಂತರ ಅದೇ ಊರಿನಲ್ಲಿ ತೆಗೆದ ಛಾಯಾಚಿತ್ರಗಳು ಊರಿನವರನ್ನು ಕೇಳದೆ, ಊರಿನವರಿಗೆ ತೋರಿಸದೆ ಹೊರಟುಹೋದುವು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಆ ಜಗತಿಯ ಮೇಲೆ ನಿಂತು ಮೊಬೈಲು ಹಿಡಿಯದವರೇ ವಿರಳ. ಓಕ್ಲಿಯ ಚಿತ್ರಗಳಲ್ಲಿ ಮನುಷ್ಯರು ಕಾಣದಿದ್ದರೆ, ಇಂದಿನ ಚಿತ್ರಗಳಲ್ಲಿ ಮನುಷ್ಯರ ಮುಖದ ಹಿಂದೆ ದೇವಾಲಯವನ್ನೇ ಹುಡುಕಬೇಕಾಗಿದೆ.

ಮಠಗಳಲ್ಲಿಯೂ ಹಳೆಯ ಪಟಗಳುಂಟು. ಛಾಯಾಗ್ರಾಹಕರು ಪೇಟೆಗಳಲ್ಲಿ ಅಂಗಡಿಯಿಟ್ಟ ಮೇಲೆ ಪಟ್ಟಾಧಿಕಾರ, ಅಡ್ಡಪಲ್ಲಕ್ಕಿ, ಜಾತ್ರೆ, ಪಾಠಶಾಲೆಯ ವಾರ್ಷಿಕೋತ್ಸವ ಇವುಗಳ ಸಮೂಹಚಿತ್ರಗಳನ್ನು ತೆಗೆಸುವುದು ಸಂಪ್ರದಾಯವಾಯಿತು. ಅವುಗಳ ವಿನ್ಯಾಸವು ಎಲ್ಲೆಡೆಯೂ ಒಂದೇ. ನಡುವೆ ಶ್ರೀಗಳವರ ಪೀಠ. ಇಬ್ಬದಿಗಳಲ್ಲಿ ಕುರ್ಚಿಗಳ ಮೇಲೆ ವರ್ತಕರು, ಜಮೀನ್ದಾರರು, ಸರ್ಕಾರದ ಅಧಿಕಾರಿಗಳು. ನೆಲದ ಮೇಲೆ ವಿದ್ಯಾರ್ಥಿಗಳು. ಹಿಂದೆ ನಿಂತವರಲ್ಲಿ ದಾಸೋಹದ ಒಲೆಯ ಮುಂದಿನಿಂದ ಕೈ ಒರಸಿಕೊಂಡು ಬಂದ ಅಡುಗೆಯವರು, ಪಲ್ಲಕ್ಕಿ ಹೊತ್ತವರು, ಕಹಳೆ ಊದಿದವರು, ಗಾಡಿ ಹೊಡೆದವರು. ಪಟದ ಕೆಳಗೆ ಎಡದಿಂದ ಬಲಕ್ಕೆಂದು ಅಚ್ಚುಹಾಕಿಸಿದ ಹೆಸರುಗಳು ಕುರ್ಚಿಗಳ ಸಾಲಿಗೆ ಮುಗಿದುಹೋಗುವುವು. ಮಹೋತ್ಸವಗಳ ಸಂಚಿಕೆಗಳಿಗಾಗಿ ಈ ಪಟಗಳನ್ನು ಗೋಡೆಯಿಂದ ಇಳಿಸಿ ಧೂಳು ಒರಸುವಾಗ, ಹಿಂದಿನ ಸಾಲಿನಲ್ಲಿ ನಿಂತವರನ್ನು ಬೆರಳಿಟ್ಟು ತೋರಿಸಿ, ಇವನು ಇಂತಹವನ ಅಜ್ಜ, ಇವಳು ಇಂತಹ ಮನೆಯವಳು ಎಂದು ಗುರುತು ಹೇಳಬಲ್ಲ ವೃದ್ಧರು ಇನ್ನೂ ಅಲ್ಲಲ್ಲಿ ಒಬ್ಬಿಬ್ಬರು ಉಳಿದಿರುವರು.